ಬಿಲ್ಲೆ ತಿಕ್ಕಿದ ಶುಕ್ರವಾರಗಳು

ತುಮಕೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನ ಹೈವೋಲ್ಟೇಜ್ ಲ್ಯಾಬಿನಲ್ಲಿ ನಾನು ಇಪ್ಪತ್ತಾರು ವರ್ಷ ಅಟೆಂಡರ್ ಆಗಿದ್ದೆ. ಗುಬ್ಬಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಓದಿದ್ದು ನಾಲ್ಕನೇ ಕ್ಲಾಸು. ಕನ್ನಡ ಓದುತ್ತೇನೆ, ನಿಧಾನಕ್ಕೆ ಬರೆಯುತ್ತೇನೆ. ಇಂಗ್ಲಿಷಿನಲ್ಲಿ ಅಂಕಿ ಮಾತ್ರ ಗೊತ್ತು. ಈಗ ಆ ಕೆಲಸಕ್ಕೆ ಹೊಸ ಹೆಣ್ಣುಮಕ್ಕಳು ಸೇರಿದ್ದಾರೆ. ಕೆಲಸ ಏನು ಎಂದು ಕೇಳಿದರೆ ಆಫೀಸಿನವರು ಗುಡಿಸುವುದು, ಒರೆಸುವುದು, ಬೀಗ ಹಾಕುವುದು ಎನ್ನುತ್ತಾರೆ. ನನಗೂ ಹಾಗೆಯೇ ಹೇಳಿದ್ದರು. ಅವರು ಹೇಳದೆ ಬಿಟ್ಟಿದ್ದು ಬಹಳ ಇದೆ.

ಮೊದಲನೇ ದಿನ ಲ್ಯಾಬ್ ಇನ್‌ಸ್ಟ್ರಕ್ಟರ್ ರಂಗಪ್ಪನವರು ನನ್ನ ಕೈಗೆ ಪೊರಕೆ ಕೊಡುವ ಮುಂಚೆ ಒಂದು ಉದ್ದನೆಯ ಕೋಲು ಕೊಟ್ಟರು. ತುದಿಯಲ್ಲಿ ತಾಮ್ರದ ಕೊಕ್ಕೆ. ಕೊಕ್ಕೆಯಿಂದ ಒಂದು ವೈರು ನೆಲಕ್ಕೆ ಹೋಗಿತ್ತು.

"ಇದೇನು ಗೊತ್ತೇನಮ್ಮ?"

"ಕಾಯಿ ಕೀಳೋ ದೋಟಿ ಥರ ಐತೆ."

"ಇದು ನಿನ್ನ ತಾಳಿ ಉಳ್ಸೋ ಕೋಲು."

"ತಾಳಿ ಆಗ್ಲೇ ಹೋಗೈತೆ ಸಾರ್. ಅದಕ್ಕೇ ಈ ಕೆಲ್ಸ ಸಿಕ್ಕಿರೋದು."

ಅವರು ಪೆಚ್ಚಾದರು. ಆಮೇಲೆ ಹೇಳಿದರು. "ಹಂಗಾರೆ ಜೀವ ಉಳ್ಸೋ ಕೋಲು ಅನ್ಕೊ. ಸ್ವಿಚ್ ಆಫ್ ಮಾಡಿದ್ಮೇಲೂ ಮಿಷಿನ್ ಒಳಗೆ ಕರೆಂಟು ಕೂತಿರ್ತದೆ. ಈ ಕೊಕ್ಕೆ ಮುಟ್ಸು. ಚಟ್ ಅಂತ ಸದ್ದು ಬರ್ತದೆ. ಆಮೇಲೇ ಕೈ ಹಾಕು."

ಇಪ್ಪತ್ತಾರು ವರ್ಷದಲ್ಲಿ ನಾನು ಒಂದು ದಿನವೂ ಕೋಲು ಮುಟ್ಟಿಸದೆ ಕೈ ಹಾಕಲಿಲ್ಲ. ದೊಡ್ಡ ಓದು ಓದಿದ್ದ ಒಬ್ಬ ಲೆಕ್ಚರರು ಅವಸರದಲ್ಲಿ ಮರೆತರು. ಪೆಟ್ಟು ತಿಂದು ಎರಡು ದಿನ ಬಲಗೈಯಲ್ಲಿ ಚಾಕ್ ಹಿಡಿಯಲಿಲ್ಲ. ಹೊಸದಾಗಿ ಸೇರಿದವರೇ, ನಿಮಗೆ ಯಾರೂ ಕೋಲು ಕೊಡದಿದ್ದರೆ ಕೇಳಿ ಇಸ್ಕೊಳ್ಳಿ.

ನಾನು ಸೇರಿದಾಗ ಆ ಲ್ಯಾಬಿನಲ್ಲಿ ದೊಡ್ಡ ಕಿಡಿಗಳ ಕೆಲಸ. ಕಂಬದ ಮೇಲಿನ ಪಿಂಗಾಣಿ, ಟ್ರಾನ್ಸ್‌ಫಾರ್ಮರಿನ ಎಣ್ಣೆ, ಇವು ಎಷ್ಟು ಕರೆಂಟು ತಡೆಯುತ್ತವೆ ಎಂದು ನೋಡುತ್ತಿದ್ದರು. ಪಟಾಕಿಯ ಸದ್ದು. ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು. ವರ್ಷಗಳು ಕಳೆದಂತೆ ಕಿಡಿ ಸಣ್ಣದಾಯಿತು. ಕೊನೆಗೆ ಅಂಗೈಯಲ್ಲಿ ಮುಚ್ಚಬಹುದಾದ ಎರಡು ಹಿತ್ತಾಳೆ ಬಿಲ್ಲೆ, ಒಂದರ ಮೇಲೆ ಗಾಜು, ನಡುವೆ ಕೂದಲೆಳೆ ನಾಲ್ಕಾರು ಹಿಡಿಸುವಷ್ಟು ಜಾಗ. ಅದರಲ್ಲಿ ನೇರಳೆ ಬಣ್ಣದ ಮಂಕು ಬೆಳಕು. ಸದ್ದು ಜೇನ್ನೊಣದ್ದು. ಗಾಳಿ ತೆಗೆದ ಕೊಳವೆಯಲ್ಲಿ ಅಲ್ಲ, ನಾವು ಉಸಿರಾಡುವ ಗಾಳಿಯಲ್ಲೇ ಅದು ಆಗಬೇಕು ಎನ್ನುತ್ತಿದ್ದರು. ಕರೆಂಟನ್ನು ಒಂದೇ ಸಮನೆ ಬಿಡದೆ ಚೂರು ಚೂರಾಗಿ, ಪೆಟ್ಟು ಪೆಟ್ಟಾಗಿ ಬಿಡಬೇಕು. ಬಿತ್ತನೆ ಕಡಲೇಕಾಯಿ ಬೀಜಕ್ಕೆ ಹಿಡಿಯುವ ಬೂಷ್ಟನ್ನು ಔಷಧಿ ಹಾಕದೆ ಆ ಬೆಳಕಿನಲ್ಲೇ ಕೊಲ್ಲಬಹುದು ಎಂಬುದು ಲೆಕ್ಕ. ನನಗೆ ಮೊದಲು ನಗು ಬಂತು. ಆಮೇಲೆ ಬಟ್ಟಲಲ್ಲಿ ಮೊಳೆತ ಬೀಜ ನೋಡಿದೆ. ನಗಲಿಲ್ಲ.

ಆ ಕೆಲಸಕ್ಕೆ ಬಂದವಳು ಸುಜಾತ. ಕುಣಿಗಲ್ಲಿನವಳು. ಅವಳ ತಾಯಿ ಅಂಗನವಾಡಿ ಟೀಚರ್. ಡಾಕ್ಟರೇಟ್ ಮಾಡಲು ಸೇರಿದ್ದಳು. ಎದುರಿಗೆ ನಾನು ಮೇಡಂ ಎನ್ನುತ್ತಿದ್ದೆ, ಆಮೇಲೆ ಸುಜಾತಮ್ಮ ಎಂದೆ. ಇಲ್ಲಿ ಸುಜಾತ ಎಂದೇ ಬರೆಯುತ್ತೇನೆ. ಅವಳ ಕೆಲಸದಲ್ಲಿ ಕಿಡಿ ಕಡಿಮೆ, ಕಂಪ್ಯೂಟರ್ ಜಾಸ್ತಿ. ಆ ಎರಡು ಬಿಲ್ಲೆಗಳ ನಡುವೆ ಏನು ನಡೆಯುತ್ತದೆ ಎಂಬುದನ್ನು ಅವಳು ಕಂಪ್ಯೂಟರಿನೊಳಗೆ ನಡೆಸುತ್ತಿದ್ದಳು. ಲ್ಯಾಬಿಗೆ ಬಂದು ಹೋದವರಲ್ಲಿ ನಾನು ಕೇಳಿದ್ದಕ್ಕೆ ಕೂತು ಉತ್ತರ ಹೇಳಿದವಳು ಅವಳೊಬ್ಬಳೇ.

"ತಾಯಮ್ಮ, ನೀವು ಬಾಗ್ಲಿಗೆ ರಂಗೋಲಿ ಚುಕ್ಕಿ ಇಡ್ತೀರಲ್ಲ, ಹಂಗೇ ಇದು. ಎರಡು ಬಿಲ್ಲೆ ಮಧ್ಯ ಸಾವಿರಾರು ಚುಕ್ಕಿ ಇಡ್ತೀನಿ. ಒಂದೊಂದು ಚುಕ್ಕೀಲೂ ಎಷ್ಟು ಎಲೆಕ್ಟ್ರಾನ್ ಇದೆ, ಪಕ್ಕದ ಚುಕ್ಕಿಯಿಂದ ಎಷ್ಟು ಬಂತು, ಎಷ್ಟು ಹೋಯ್ತು ಅಂತ ಲೆಕ್ಕ. ಎಲ್ಲಾ ಚುಕ್ಕಿ ಮುಗಿದ್ಮೇಲೆ ಒಂಚೂರು ಹೊತ್ತು ಮುಂದಕ್ಕೆ. ಮತ್ತೆ ಮೊದಲಿಂದ ಎಲ್ಲಾ ಚುಕ್ಕಿ."

"ಒಂಚೂರು ಹೊತ್ತು ಅಂದ್ರೆ ಎಷ್ಟು?"

"ನೀವು ಒಂದು ಸಲ ರೆಪ್ಪೆ ಬಡಿಯೋ ಹೊತ್ತನ್ನ ಕೋಟಿ ಚೂರು ಮಾಡಿ. ಅದ್ರಲ್ಲಿ ಒಂದು ಚೂರಿಗಿಂತ ಕಮ್ಮಿ."

"ಅದನ್ನ ಲೆಕ್ಕ ಹಾಕಕ್ಕೆ?"

"ಕರೆಂಟಿನ ಒಂದು ಪೆಟ್ಟಿನ ಲೆಕ್ಕಕ್ಕೆ ನಾಲ್ಕು ದಿನ ಓಡ್ಬೇಕು ಕಂಪ್ಯೂಟರ್."

"ರೆಪ್ಪೆ ಬಡಿಯೋಷ್ಟೂ ಹೊತ್ತಾಗ್ದೆ ಇರೋ ಕೆಲ್ಸಕ್ಕೆ ನಾಕು ದಿನವಾ? ನಮ್ಮ ಪಂಚಾಯ್ತಿ ಆಫೀಸ್ನೋರೇ ವಾಸಿ ಬುಡಿ."

ಅವಳು ನಕ್ಕಿದ್ದು ಕಾರಿಡಾರಿನವರೆಗೆ ಕೇಳಿಸಿತು.

ಆ ನಾಲ್ಕು ದಿನ ಕಂಪ್ಯೂಟರ್ ಕಾಯುವುದು ನನ್ನ ಪಾಲಿಗೆ ಬಂತು. ಅವಳಿಗೆ ಪಾಠ ಮಾಡುವ ಕೆಲಸವೂ ಇತ್ತು. ಕಪ್ಪು ಪರದೆಯ ಮೇಲೆ ಅಂಕಿಗಳ ಸಾಲು ಮೇಲಕ್ಕೆ ಸರಿಯುತ್ತಲೇ ಇರುತ್ತಿತ್ತು. ಗಂಟೆಗೊಂದು ಸಲ ಕೊನೆಯ ಸಾಲಿನ ಅಂಕಿಯನ್ನು ನಾನು ಒಂದು ಬುಕ್ಕಿನಲ್ಲಿ ಬರೆಯಬೇಕು. ಅವಳು ಒಂದು ಚೀಟಿಯಲ್ಲಿ ಮೂರು ಇಂಗ್ಲಿಷ್ ಅಕ್ಷರ ಬರೆದು ಪರದೆಗೆ ಅಂಟಿಸಿದಳು. ಎರಡು ಕೊನೆಗೂ ಒಂದೇ ಅಕ್ಷರ, ನಡುವೆ ಬೇರೆ. ಅಂಕಿಯ ಜಾಗದಲ್ಲಿ ಇದು ಬಂದರೆ ಲೆಕ್ಕ ಕೆಟ್ಟಿತು ಅಂತ, ಓಡಿಬಂದು ಹೇಳಿ ಎಂದಳು. ಒಂದು ಮಂಗಳವಾರ ಅದು ಬಂದೇ ಬಂತು. ಸಾಲು ಸಾಲು ಅದೇ. ನಾನು ಕ್ಲಾಸಿನ ಬಾಗಿಲಿಗೆ ಹೋಗಿ, ಅರವತ್ತು ಹುಡುಗರ ಎದುರಿಗೆ, "ಮೇಡಂ, ಮೂರಕ್ಷರ ಬಂತು" ಎಂದು ಕೂಗಿದೆ. ಹುಡುಗರು ಗೊಳ್ ಎಂದರು. ಅವಳು ಚಾಕ್ ಬಿಸಾಕಿ ಬಂದಳು. ನಾನು ನೋಡದೆ ಹೋಗಿದ್ದರೆ ಶನಿವಾರದವರೆಗೆ ಸುಮ್ಮನೆ ಓಡುತ್ತಿತ್ತಂತೆ.

ಇನ್ನೊಂದು ಸಲ, ಮೂರನೇ ದಿನ, ಕಾಲೇಜಿನಲ್ಲಿ ಯಾವುದೋ ಸಮಾರಂಭ. ಆಫೀಸಿನ ಜವಾನ ಮಂಜಣ್ಣ ನಾನು ನೀರು ಹಿಡಿಯಲು ಹೋದಾಗ ಬಂದು ಕಂಪ್ಯೂಟರಿನ ಪ್ಲಗ್ ಕಿತ್ತು ಮೈಕಿಗೆ ಹಾಕಿಕೊಂಡಿದ್ದ.

"ಏನ್ಲಾ ಮಾಡ್ದೆ?"

"ಹತ್ತು ನಿಮಿಷ ತಾಯಮ್ಮ, ಪ್ರಾರ್ಥನೆ ಮುಗೀಲಿ, ವಾಪಸ್ ಹಾಕ್ತೀನಿ."

"ಹತ್ತು ನಿಮಿಷ ಅಂತೀಯಲ್ಲೋ, ಮೂರು ದಿನ ತಿಂದ್ಬುಟ್ಯಲ್ಲೋ ಮಂಜ."

"ಏ, ಅದೇನು ಅನ್ನ ಬೇಯ್ತಿತ್ತಾ? ಮತ್ತೆ ಆನ್ ಮಾಡಿದ್ರೆ ಆಯ್ತು ಬುಡು."

ಸುಜಾತ ಬೈಯಲಿಲ್ಲ. ಕೂತು ಮೊದಲಿನಿಂದ ಶುರು ಮಾಡಿದಳು. ಮಾರನೆಯ ದಿನದಿಂದ ಅರ್ಧ ಗಂಟೆಗೊಮ್ಮೆ ಲೆಕ್ಕವನ್ನು ಎತ್ತಿಡುವ ಹಾಗೆ ಏರ್ಪಾಡು ಮಾಡಿದಳು. ಆಮೇಲೆ ಕರೆಂಟು ಹೋದರೂ ಅರ್ಧ ಗಂಟೆಯ ಕೆಲಸ ಮಾತ್ರ ಹೋಗುತ್ತಿತ್ತು. ಒಂದು ಸಲ ತಪ್ಪಿದ್ದು ಎರಡನೇ ಸಲ ತಪ್ಪದ ಹಾಗೆ ನೋಡಿಕೊಳ್ಳುತ್ತಿದ್ದಳು. ಅಂಥ ಹುಡುಗಿಯ ಕೆಲಸವನ್ನು ಕೆಡಿಸಿದವಳು ನಾನು. ಅದನ್ನು ಬರೆಯಲೇಬೇಕು.

ಕಂಪ್ಯೂಟರಿನ ಲೆಕ್ಕ ಮುಗಿಯಲು ಎರಡು ವರ್ಷ ಹಿಡಿಯಿತು. ಮುಗಿದ ಮೇಲೆ ಅದನ್ನು ನಿಜವಾದ ಕಿಡಿಯ ಜೊತೆ ಹೋಲಿಸಬೇಕು. ಪೆಟ್ಟು ಪೆಟ್ಟಾಗಿ ಕರೆಂಟು ಕೊಡುವ ಮಿಷಿನ್ ನಮ್ಮಲ್ಲಿರಲಿಲ್ಲ. ಬೆಂಗಳೂರಿನ ಒಂದು ಲ್ಯಾಬಿನಿಂದ ಒಂದು ವರ್ಷಕ್ಕೆ ಎರವಲು ತಂದರು. ವಾರದ ದಿನಗಳಲ್ಲಿ ಲ್ಯಾಬಿನ ತುಂಬ ಹುಡುಗರ ಪ್ರಾಕ್ಟಿಕಲ್ಸು. ಸುಜಾತಳಿಗೆ ಸಿಗುತ್ತಿದ್ದುದು ಶನಿವಾರ ಮಾತ್ರ.

ಮಿಷಿನ್ ಬಂದ ವಾರವೇ ಅದನ್ನು ನೋಡಲು ದೊಡ್ಡವರು ಯಾರೋ ಬಂದರು. ಹಿಂದಿನ ದಿನ ಶುಕ್ರವಾರ. ಲ್ಯಾಬಿನ ಗೋಡೆಯಲ್ಲಿ ದೇವರ ಪಟ ಇದೆ, ಕೆಳಗೆ ಹಿತ್ತಾಳೆಯ ಎರಡು ದೀಪ, ಒಂದು ಆರತಿ ತಟ್ಟೆ. ಪ್ರತಿ ಶುಕ್ರವಾರ ನಾನೇ ಅವನ್ನು ಬೆಳಗಿ ಪೂಜೆಗೆ ಇಡುತ್ತಿದ್ದೆ. ಹುಣಸೆಹಣ್ಣು, ಕಲ್ಲುಪ್ಪು, ಸ್ವಲ್ಪ ಇಟ್ಟಿಗೆ ಪುಡಿ. ಅವತ್ತು ಮೇಜಿನ ಮೇಲೆ ಆ ಎರಡು ಬಿಲ್ಲೆಗಳೂ ಇದ್ದವು. ಹಳೆಯ ಮಿಷಿನಿನ ಕಿಡಿ ಬಿದ್ದು ಬಿದ್ದು ಕರ್ರಗಾಗಿದ್ದವು. ದೊಡ್ಡವರು ಬರುತ್ತಾರೆ, ಹೀಗಿದ್ದರೆ ನಮಗೇ ಅವಮಾನ ಎಂದುಕೊಂಡೆ. ಕೈಯಲ್ಲಿ ಹೇಗೂ ಹುಣಸೆಹಣ್ಣಿತ್ತು. ತಿಕ್ಕಿದೆ. ಚಿನ್ನದ ಹಾಗಾದವು. ಬಂದವರು ಅದನ್ನೇ ಕೈಯಲ್ಲಿ ಹಿಡಿದು, ಲ್ಯಾಬ್ ಎಷ್ಟು ಚೊಕ್ಕಟವಾಗಿ ಇಟ್ಟಿದ್ದೀರಿ ಎಂದರು. ನಮ್ಮ ವಿಭಾಗದ ಹೆಡ್ ಸಾರ್, ಅವರೇ ಸುಜಾತಳ ಗೈಡು, ನನ್ನ ಕಡೆ ನೋಡಿ ತಲೆದೂಗಿದರು. ಹದಿನಾರು ವರ್ಷದಲ್ಲಿ ಆ ಮನುಷ್ಯ ನನ್ನ ಕಡೆ ಹಾಗೆ ನೋಡಿದ್ದು ಅದೇ ಮೊದಲು.

ಅವತ್ತಿನಿಂದ ಪ್ರತಿ ಶುಕ್ರವಾರ ದೀಪದ ಜೊತೆ ಬಿಲ್ಲೆಗಳನ್ನೂ ತಿಕ್ಕಿದೆ. ಯಾರೂ ಹೇಳಲಿಲ್ಲ. ಯಾರೂ ಬೇಡ ಎನ್ನಲೂ ಇಲ್ಲ. ಶನಿವಾರ ಸುಜಾತ ಬರುವ ಹೊತ್ತಿಗೆ ಅವು ಫಳಫಳ ಎನ್ನುತ್ತಿದ್ದವು. ಅವಳ ಹಿಂದಿನವರು ಬಿಲ್ಲೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಇಡುತ್ತಿದ್ದರಂತೆ. ಯಾರೋ ಹಾಗೇ ಒರೆಸಿದ್ದಾರೆ ಎಂದು ಅವಳು ತಿಳಿದಿದ್ದಳು.

ಪರದೆಯ ಮೇಲೆ ಎರಡು ಗೆರೆ ಬರುತ್ತಿತ್ತು. ಒಂದು ಕಂಪ್ಯೂಟರ್ ಲೆಕ್ಕ ಹಾಕಿದ್ದು, ನೀಲಿ. ಇನ್ನೊಂದು ನಿಜವಾದ ಕಿಡಿಯದು, ಕೆಂಪು. ಎರಡೂ ಒಂದರ ಮೇಲೊಂದು ಕೂರಬೇಕು. ಕೂತರೆ ಅವಳು ಡಾಕ್ಟರ್. ಕೂರಲಿಲ್ಲ. ಕೆಂಪು ಗೆರೆ ಬೇಗ ಏಳುತ್ತಿತ್ತು, ಎತ್ತರಕ್ಕೆ ಹೋಗುತ್ತಿತ್ತು. ನೀಲಿ ಹಿಂದೆ ಬೀಳುತ್ತಿತ್ತು.

ಹೆಡ್ ಸಾರ್ ಬಂದು ನೋಡಿ, "ಏನಮ್ಮ, ನಿನ್ನ ಕಂಪ್ಯೂಟರ್ ಒಳಗಿರೋ ಗಾಳಿ ಯಾವೂರ್ದು? ತುಮಕೂರ್ದಂತೂ ಅಲ್ಲ ಬಿಡು" ಎಂದರು.

ಅವಳು ಗಾಳಿಯಲ್ಲಿ ಎಷ್ಟು ತೇವ ಇದೆ ಎಂದು ಅಳೆದು ಲೆಕ್ಕಕ್ಕೆ ಸೇರಿಸಿದಳು. ನಾನು ನೆಲ ಒರೆಸಿದ ಮೇಲೆ ತೇವ ಎಷ್ಟು ಏರುತ್ತದೆ ಎಂದೂ ಅಳೆದಳು. ಶನಿವಾರ ಅಂತರಸನಹಳ್ಳಿಯ ಫ್ಯಾಕ್ಟರಿಗಳು ಅರ್ಧ ದಿನಕ್ಕೆ ನಿಂತರೆ ನಮ್ಮ ಕರೆಂಟು ಏರುತ್ತದೋ ಎಂದು ನೋಡಿದಳು. ಚುಕ್ಕಿಗಳನ್ನು ಎರಡರಷ್ಟು ಮಾಡಿದಳು. ನಾಲ್ಕು ದಿನದ ಓಟ ಒಂಬತ್ತು ದಿನವಾಯಿತು. ಪ್ರತಿ ಸಲ ನೀಲಿ ಗೆರೆ ಹಳೆಯ ಜಾಗದಲ್ಲೇ ಬಂದು ನಿಲ್ಲುತ್ತಿತ್ತು. ಕುಣಿಗಲ್ಲಿನಿಂದ ತಂದ ಊಟದ ಡಬ್ಬಿಯನ್ನು ಮುಚ್ಚಳ ತೆಗೆಯದೆ ವಾಪಸ್ ಒಯ್ಯುತ್ತಿದ್ದಳು. ಡಬ್ಬಿ ತೊಳೆಯಲು ಇಸ್ಕೊಳ್ಳುತ್ತಿದ್ದೆನಲ್ಲ, ನನಗೆ ಗೊತ್ತಾಗುತ್ತಿತ್ತು.

ಎಂಟು ತಿಂಗಳಾದ ಮೇಲೆ ಹೆಡ್ ಸಾರ್ ಒಂದು ದಾರಿ ಹೇಳಿದರು. ಲೋಹಕ್ಕೆ ಮೇಲಿನಿಂದ ಪೆಟ್ಟು ಬಿದ್ದರೆ ಅದರಿಂದ ಎಷ್ಟು ಎಲೆಕ್ಟ್ರಾನ್ ಸಿಡಿಯುತ್ತದೆ ಎಂಬುದಕ್ಕೆ ಲೆಕ್ಕದಲ್ಲಿ ಒಂದು ಅಂಕಿ ಇದೆಯಂತೆ. ಅವಳು ಅದನ್ನು ಯೋಚಿಸಿ, ಓದಿ, ಒಂದು ಬೆಲೆ ಕೊಟ್ಟಿದ್ದಳು. "ಅದನ್ನ ಏರಿಸು. ಗೆರೆ ಕೂರೋವರೆಗೂ ಏರಿಸು" ಎಂದರು. ಏರಿಸಿದಳು. ಮೂರನೇ ಸಲಕ್ಕೆ ಎರಡು ಗೆರೆಯೂ ಒಂದರ ಮೇಲೊಂದು ಕೂತವು. ಹೆಡ್ ಸಾರ್ ಎಲ್ಲರಿಗೂ ಕಾಫಿ ತರಿಸಿದರು. ಲೋಟ ಕೊಡಲು ಹೋದಾಗ ಅವಳು ಪರದೆಯನ್ನೇ ನೋಡುತ್ತ ಕೂತಿದ್ದಳು.

"ಕೂತ್ಕೊಂತಲ್ಲ ಮೇಡಂ, ಇನ್ನೇನು?"

"ನಾನೇ ಹಿಡಿದು ಕೂರಿಸಿದೀನಿ ತಾಯಮ್ಮ. ಆ ಅಂಕಿ ಯಾಕೆ ಅಷ್ಟಿರ್ಬೇಕು ಅಂತ ನಂಗೇ ಗೊತ್ತಿಲ್ಲ."

ಗೊತ್ತಾಗಲೇಬೇಕು ಎಂದು ಅವಳು ಇನ್ನೊಂದು ಸಾಮಾನು ಎರವಲು ತಂದಳು. ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ತೋರಿಸುವ ಡಬ್ಬಿ ಅದು. ಆ ಶನಿವಾರ ನಾನು ಪಕ್ಕದಲ್ಲೇ ಕಿಟಕಿ ಒರೆಸುತ್ತಿದ್ದೆ. ಅವಳು ಕುರ್ಚಿಯಿಂದ ಎದ್ದಳು.

"ಇದೇನಿದು ಹಳದಿ? ಇಲ್ಲಿ ಹಳದಿ ಬರಂಗಿಲ್ಲ. ಇದು ಸೋಡಿಯಂ."

"ಹಂಗಂದ್ರೆ?"

"ಉಪ್ಪು ತಾಯಮ್ಮ. ಬಿಲ್ಲೆ ಮೇಲೆ ಉಪ್ಪಿದೆ, ಅದಕ್ಕೇ ಕೆಂಪು ಗೆರೆ ಬೇಗ ಏಳ್ತಿರೋದು. ನನ್ನ ಕೈ ಬೆವರೇ ಇರ್ಬೇಕು. ಥೂ, ಗ್ಲೌಸ್ ಹಾಕ್ಕೊಂಡೇ ಮುಟ್ಟಬೇಕಿತ್ತು."

ಅವಳ ಕೈ ಬೆವರಲ್ಲ ಎಂದು ನನಗೆ ಆ ಗಳಿಗೆಯಲ್ಲೇ ಗೊತ್ತಾಯಿತು. ಉಪ್ಪು ಎಂದರೆ ಯಾವ ಉಪ್ಪು ಎಂದು ಗೊತ್ತಿದ್ದವಳು ಆ ಕಾಲೇಜಿನಲ್ಲಿ ನಾನೊಬ್ಬಳೇ. ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದೆ. ಬಾಯಿ ಬಿಡಲಿಲ್ಲ.

ಯಾಕೆ ಎಂದು ಕೇಳಬಹುದು. ನನಗಿಂತ ಮುಂಚೆ ಪುಟ್ಟಯ್ಯ ಎಂಬ ಅಟೆಂಡರ್ ಇದ್ದ. ಗಾಜಿನ ಕೊಳವೆಯೊಂದನ್ನು ಒಡೆದಿದ್ದಕ್ಕೆ ಹೆಡ್ ಸಾರ್ ಅವನನ್ನು ಹಾಸ್ಟೆಲಿನ ಕಕ್ಕಸು ತೊಳೆಯಲು ಹಾಕಿಸಿದ್ದರು. ಕೊನೆಯವರೆಗೂ ಅವನು ಅಲ್ಲೇ ಇದ್ದ. ನನಗೂ ಹಾಗೆ ಮಾಡುತ್ತಾರೆ ಎಂದು ಹೆದರಿದೆ. ಅಷ್ಟೇ. ದೊಡ್ಡ ಕಾರಣ ಏನೂ ಇಲ್ಲ.

ಇನ್ನೂ ಕೆಟ್ಟದ್ದನ್ನು ಹೇಳಬೇಕು. ತಿಕ್ಕುವುದನ್ನು ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಕೆಂಪು ಗೆರೆ ಮತ್ತೆ ಜಾಗ ಬಿಡುತ್ತದೆ, ಕಾರಣ ಹುಡುಕುತ್ತಾರೆ, ನನ್ನ ಹತ್ತಿರ ಬರುತ್ತಾರೆ ಎಂದು ನನ್ನ ತಲೆ ಓಡಿತು. ಅವಳು ಶನಿವಾರ ಗ್ಲೌಸ್ ಹಾಕಿಕೊಂಡು ಬಂದಳು, ಸ್ಪಿರಿಟ್ ಹಾಕಿ ಎರಡು ಸಲ ಒರೆಸಿದಳು. ಸ್ಪಿರಿಟ್ಟಿಗೆ ಉಪ್ಪು ಪೂರ್ತಿ ಹೋಗುವುದಿಲ್ಲವಂತೆ, ತಿಕ್ಕಿದ ಗೀರುಗಳಲ್ಲಿ ಕೂತಿರುತ್ತದಂತೆ. ಹಳದಿ ಬಂತು. ಮುಂದಿನ ಶುಕ್ರವಾರ ನಾನು ಮತ್ತೆ ತಿಕ್ಕಿದೆ. ಹಾಗೆ ಐದು ಶುಕ್ರವಾರ.

ಆರನೇ ವಾರ, ಸೋಮವಾರ, ಬೆಂಗಳೂರಿನವರು ವ್ಯಾನು ತಂದು ಮಿಷಿನ್ ಹೊತ್ತುಕೊಂಡು ಹೋದರು. ಅವಧಿ ಮುಗಿದಿತ್ತು. ಹೊರುವವರಿಗೆ ನಾನೇ ಬಾಗಿಲು ಹಿಡಿದುಕೊಂಡೆ. ನಿಜ ಹೇಳುತ್ತೇನೆ, ಆಗ ನನಗೆ ಸಮಾಧಾನವಾಯಿತು. ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ.

ಬುಧವಾರ ಸುಜಾತ ಡಾಕ್ಟರೇಟಿಗೆ ಕೊಡಬೇಕಾದ ದಪ್ಪ ಪುಸ್ತಕದ ಕೊನೆಯ ಪುಟಗಳನ್ನು ಟೈಪ್ ಮಾಡುತ್ತಿದ್ದಳು. ನಾನು ಊಟದ ಡಬ್ಬಿ ತರಲು ಹೋದೆ. ಅವತ್ತೂ ಮುಚ್ಚಳ ತೆಗೆದಿರಲಿಲ್ಲ.

"ಎಲ್ಲಾ ಮುಗೀತಲ್ಲ ಸುಜಾತಮ್ಮ, ಈಗ್ಲಾದ್ರೂ ಉಣ್ಬಾರ್ದಾ?"

"ಒಂದು ಸಾಲು ಉಳ್ಕೊಂಡಿದೆ. ಆ ಉಪ್ಪಿನ ವಿಷಯ. ನನ್ನ ಕೈಯಿಂದ ಆದ ತಪ್ಪು ಅಂತ ಬರೀಬೇಕು. ಬರೆಯಕ್ಕೆ ಮನಸ್ಸು ಬರ್ತಿಲ್ಲ. ನಂಗೆ ನಂಬಿಕೆನೇ ಆಗ್ತಿಲ್ಲ, ತಾಯಮ್ಮ. ಅಷ್ಟು ಉಪ್ಪು ಒಂದು ಕೈಯಲ್ಲಿ ಎಲ್ಲಿಂದ ಬರತ್ತೆ?"

ನನ್ನ ತಪ್ಪನ್ನು ಅವಳು ತನ್ನದು ಎಂದು ಬರೆಯಲು ಕೂತಿದ್ದಳು. ಇಷ್ಟು ದಿನ ನುಂಗಿಕೊಂಡಿದ್ದೆ, ಅವತ್ತು ಆಗಲಿಲ್ಲ.

"ನಿಮ್ಮ ಕೈಯಿಂದ ಅಲ್ಲ. ನಾನು ತಿಕ್ತಿದ್ದೆ."

"ಏನನ್ನ?"

"ಬಿಲ್ಲೆನ. ಶುಕ್ರವಾರ ಶುಕ್ರವಾರ. ದೀಪದ ಜೊತೆ. ಹುಣಸೆಹಣ್ಣು ಉಪ್ಪು ಹಾಕಿ."

ಅವಳು ಟೈಪ್ ಮಾಡುವುದನ್ನು ಬಿಟ್ಟು ನನ್ನ ಕಡೆ ತಿರುಗಿದಳು. "ಯಾವಾಗಿಂದ?" ಎಂದಳು.

"ಮಿಷಿನ್ ಬಂದಾಗಿಂದ."

"ಎಲ್ಲಾ ಶುಕ್ರವಾರನೂ?"

"ಒಂದೂ ಬಿಟ್ಟಿಲ್ಲ."

ಅವಳು ನಕ್ಕಳು. ಜೋರಾಗಿಯೇ ನಕ್ಕಳು. "ನಾನು ಗಾಳಿ ಲೆಕ್ಕ ಹಾಕ್ತಿದೀನಿ ಅನ್ಕೊಂಡಿದ್ದೆ. ಎಂಟು ತಿಂಗ್ಳು ನಿಮ್ಮ ಹುಣಸೆಹಣ್ಣಿನ ಲೆಕ್ಕ ಹಾಕಿದೀನಿ" ಎಂದಳು. ನಗು ನಿಂತಿತು. ಆಮೇಲೆ ಕೇಳಿದಳು.

"ಅವತ್ತು ಹಳದಿ ಬಂದಾಗ ಪಕ್ಕದಲ್ಲೇ ಇದ್ರಲ್ಲ. ಆಗ್ಲೇ ಗೊತ್ತಾಯ್ತಾ?"

"ಆಯ್ತು."

"ಐದು ವಾರ ಮಿಷಿನ್ ಇಲ್ಲೇ ಇತ್ತಲ್ಲ, ತಾಯಮ್ಮ."

ಅಷ್ಟೇ ಅಂದಿದ್ದು. ಇಷ್ಟು ವರ್ಷದಲ್ಲಿ ನನ್ನನ್ನು ಬೈದವರು ಬಹಳ ಜನ. ಯಾವ ಬೈಗುಳವೂ ನೆನಪಿಲ್ಲ. ಆ ಮಾತು ನೆನಪಿದೆ.

ಅವಳು ನನ್ನನ್ನು ಕರೆದುಕೊಂಡೇ ಹೆಡ್ ಸಾರ್ ಹತ್ತಿರ ಹೋದಳು. ಅವರು ಕೇಳಿಸಿಕೊಂಡರು. ನನ್ನ ಕಡೆ ನೋಡಲಿಲ್ಲ. "ಇದನ್ನ ಯಾರ ಹತ್ರಾನೂ ಆಡ್ಬೇಡ. ನೀನು ಹಾಕಿರೋ ಅಂಕಿ ಪುಸ್ತಕದಲ್ಲಿರೋ ಮಿತಿ ಒಳಗೇ ಇದೆ. ಪರೀಕ್ಷಕರು ಕೇಳಲ್ಲ. ಬರೆದಿದ್ದನ್ನ ಬೈಂಡ್ ಮಾಡಿಸಿ ಕೊಟ್ಬಿಡು" ಎಂದರು.

"ಅದು ಗಾಳಿದಲ್ಲ ಸಾರ್. ನಾಳೆ ಯಾರಾದ್ರೂ ಇದನ್ನ ನಂಬಿ ಬೀಜಕ್ಕೆ ಹಾಕಿದ್ರೆ?"

"ನೀನೊಬ್ಳೇ ಸತ್ಯವಂತೆ. ನಾವೆಲ್ಲ ಕಡಲೆ ಮಾರಕ್ಕೆ ಬಂದಿದೀವಿ."

ಅವಳು ಕೊಡಲಿಲ್ಲ. ತಿಕ್ಕದ ಬಿಲ್ಲೆಯಲ್ಲಿ ಇನ್ನೊಮ್ಮೆ ಅಳೆಯುತ್ತೇನೆ, ಮೂರು ವಾರ ಮಿಷಿನ್ ಕೊಡಿ ಎಂದು ಬೆಂಗಳೂರಿಗೆ ಬರೆದಳು, ಎರಡು ಸಲ ಹೋಗಿಯೂ ಬಂದಳು. ಅದನ್ನು ಆಗಲೇ ಇನ್ನೊಬ್ಬರಿಗೆ ಕೊಟ್ಟಿದ್ದರು. ಒಂದೂವರೆ ವರ್ಷ ಕಾಯಬೇಕು ಎಂದರಂತೆ. ಅಷ್ಟರಲ್ಲಿ ಅವಳ ಡಾಕ್ಟರೇಟಿನ ಗಡುವು ಮುಗಿಯಿತು. ಇನ್ನೊಂದು ವರ್ಷ ಕೊಡಿ ಎಂಬ ಅರ್ಜಿಗೆ ಹೆಡ್ ಸಾರ್ ಸಹಿ ಹಾಕಲಿಲ್ಲ. ಕೊನೆಯ ದಿನ ಮೇಜು ಖಾಲಿ ಮಾಡಿದಳು. ನನಗೆ ಅವಳ ಕೊಡೆ ಕೊಟ್ಟು ಹೋದಳು. ಕುಣಿಗಲ್ಲಿನ ಒಂದು ಕಾಲೇಜಿನಲ್ಲಿ ಪಿಯುಸಿ ಹುಡುಗರಿಗೆ ಫಿಸಿಕ್ಸ್ ಹೇಳಿಕೊಡುವ ಕೆಲಸ ಸಿಕ್ಕಿತ್ತು.

ನನ್ನನ್ನು ಯಾರೂ ಹಾಸ್ಟೆಲಿಗೆ ಹಾಕಲಿಲ್ಲ. ಒಂದು ಮಾತೂ ಕೇಳಲಿಲ್ಲ. ಇನ್ನೂ ಒಂಬತ್ತು ವರ್ಷ ಅದೇ ಲ್ಯಾಬಿನಲ್ಲಿ ಗುಡಿಸಿದೆ. ದೀಪಗಳನ್ನು ಮಾತ್ರ ಮನೆಗೆ ಒಯ್ದು ಬೆಳಗಿ ತರುತ್ತಿದ್ದೆ.

ನಿವೃತ್ತಿಯಾದ ಮೇಲೆ ಹೋದ ವರ್ಷ ಪೆನ್ಷನ್ನಿನ ಕಾಗದಕ್ಕೆ ಸಹಿ ಬೇಕಾಗಿ ಕಾಲೇಜಿಗೆ ಹೋಗಿದ್ದೆ. ಹಾಗೇ ಲ್ಯಾಬಿಗೆ ಹೊಕ್ಕೆ. ಹಳೆಯ ಹೆಡ್ ಸಾರ್ ಇಲ್ಲ, ಬೇರೆಯವರು ಬಂದಿದ್ದಾರೆ. ಪೆಟ್ಟಿನ ಮಿಷಿನ್ ಸ್ವಂತದ್ದೇ ಕೊಂಡಿದ್ದಾರೆ. ನವೀನ ಎಂಬ ಹುಡುಗ ಸಂಶೋಧನೆ ಮಾಡುತ್ತಿದ್ದ. ಹೊಸ ಬಿಲ್ಲೆ ಮಾಡಿಸಿದ್ದ. ನಾನು ಇಲ್ಲೇ ಇದ್ದವಳು ಎಂದ ಮೇಲೆ ಕುರ್ಚಿ ಕೊಟ್ಟ. ಪರದೆಯ ಮೇಲೆ ನೀಲಿ ಗೆರೆ, ಕೆಂಪು ಗೆರೆ. ಒಂದರ ಮೇಲೊಂದು ಕೂತಿದ್ದವು. ಎಲ್ಲಿ ಯಾವುದು ಎಂದು ಬೇರೆ ಮಾಡಲು ಆಗುತ್ತಿರಲಿಲ್ಲ.

"ಇದನ್ನ ನೀನೇ ಮಾಡಿದ್ದೇನಪ್ಪ?"

"ಕಿಡಿ ನಂದು ಅಜ್ಜಿ. ಲೆಕ್ಕ ಇಲ್ಲೇ ಹಳೇ ಕಂಪ್ಯೂಟರಲ್ಲಿತ್ತು. ಯಾರೋ ಎರಡು ಥರ ಮಾಡಿಟ್ಟವ್ರೆ. ಕೊನೇದು ಒಂಚೂರೂ ಹೊಂದಲ್ಲ. ಮೊದಲ್ನೇದು ನೋಡಿ, ಮುಟ್ಟಂಗೇ ಇಲ್ಲ, ಹಂಗೆ ಕೂತದೆ."

ಮೊದಲನೆಯದು ಎಂದರೆ ಅಂಕಿ ಏರಿಸುವ ಮುಂಚಿನದು. ಅವಳು ಯೋಚಿಸಿ, ಓದಿ ಇಟ್ಟ ಬೆಲೆ. ಅದು ಮೊದಲಿನಿಂದಲೂ ಸರಿ ಇತ್ತು. ಎಂಟು ತಿಂಗಳು ಅವಳು ಸರಿಯಾಗಿದ್ದ ಲೆಕ್ಕವನ್ನು ಕೆಡಿಸುತ್ತ ಕೂತಿದ್ದಳು. ಕೆಡಿಸುವ ಹಾಗೆ ಮಾಡಿದವಳು ಪಕ್ಕದಲ್ಲೇ ಕಿಟಕಿ ಒರೆಸುತ್ತಿದ್ದಳು.

ಒಂದು ಪ್ರತಿ ಕೊಡಪ್ಪ ಎಂದೆ. ಹೊರದೇಶದ ಪತ್ರಿಕೆಯಲ್ಲಿ ಅಚ್ಚಾಗಿದೆ ಎಂದು ಹೇಳಿ ಏಳೆಂಟು ಹಾಳೆ ತೆಗೆದುಕೊಟ್ಟ. ಎರಡನೇ ದಿನವೇ ಕುಣಿಗಲ್ ಬಸ್ಸು ಹತ್ತಿದೆ. ದಾರಿಯುದ್ದ ಹಾಳೆ ಮಡಿಸಿಹೋಗದ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಒಳ್ಳೆಯದನ್ನು ತಲುಪಿಸಲು ಹೋಗುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ.

ಅವಳು ಸ್ಟಾಫ್ ರೂಮಿನಲ್ಲಿ ಪೇಪರ್ ತಿದ್ದುತ್ತಿದ್ದಳು. ಕಿವಿಯ ಪಕ್ಕ ಕೂದಲು ಬೆಳ್ಳಗಾಗಿದೆ. ಎದ್ದು ಬಂದು ಕೈ ಹಿಡಿದುಕೊಂಡಳು.

"ಅಯ್ಯೋ ತಾಯಮ್ಮ, ಎಷ್ಟು ಸೊರಗಿದೀರಾ. ಒಬ್ರೇ ಬಂದ್ರಾ?"

"ಇನ್ಯಾರು ಬರ್ತಾರೆ? ಇದನ್ನ ನೋಡಿ ಮೊದ್ಲು."

ಗೆರೆಯಿದ್ದ ಹಾಳೆಯನ್ನು ತೆಗೆದು ಮುಂದಿಟ್ಟೆ. ಅವಳು ಕನ್ನಡಕ ಹಾಕಿಕೊಂಡಳು. ಬಹಳ ಹೊತ್ತು ನೋಡಿದಳು. ಬೆರಳಿಟ್ಟು ಗೆರೆಯ ಉದ್ದಕ್ಕೂ ಹೋದ ಮೇಲೆ ಕೆಳಗಿದ್ದ ಸಣ್ಣ ಅಕ್ಷರದಲ್ಲಿ ಆ ಅಂಕಿಯನ್ನು ಹುಡುಕಿದಳು. ಸಿಕ್ಕಿತು.

"ನಂದೇ" ಎಂದಳು. "ಮೊದಲ್ನೇದು."

"ಹೌದಂತೆ. ಮುಟ್ಟಂಗೇ ಇಲ್ಲ ಅಂದ ಆ ಹುಡುಗ."

"ಬಿಲ್ಲೆ ತಿಕ್ಕಿರ್ಲಿಲ್ವಾ?"

"ಇಲ್ಲ. ನಾನು ಅಲ್ಲಿ ಇಲ್ಲವಲ್ಲ."

ಅವಳ ಮುಖದಲ್ಲಿ ನಗು ಬಂತು. ಆಮೇಲೆ ಅವಳು ಹಾಳೆಗಳನ್ನು ಹಿಂದಕ್ಕೆ ತಿರುವಿ ಮೊದಲನೇ ಪುಟಕ್ಕೆ ಹೋದಳು. ಮೇಲ್ಗಡೆ ಹೆಸರುಗಳು ಅಚ್ಚಾಗಿದ್ದವು. ಓದಿದಳು. ಕೊನೆಯ ಪುಟ ತೆಗೆದು ಅಲ್ಲಿಯೂ ಸಾಲು ಸಾಲು ಓದಿದಳು. ನಗು ಎಲ್ಲಿ ಹೋಯಿತೋ ನನಗೆ ಗೊತ್ತಾಗಲಿಲ್ಲ.

"ನನ್ನ ಹೆಸ್ರಿದೆ ಅಂತ ತಂದ್ರಾ ತಾಯಮ್ಮ?"

ನನಗೆ ಆಗ ಹೊಳೆಯಿತು. ಆ ಹಾಳೆಯನ್ನು ಎರಡು ದಿನ ಇಟ್ಟುಕೊಂಡಿದ್ದೆ, ದೇವರ ಮುಂದೆಯೂ ಇಟ್ಟಿದ್ದೆ, ಆದರೆ ಅದರಲ್ಲಿ ಯಾರ ಹೆಸರಿದೆ ಎಂದು ನನಗೆ ತಿಳಿಯುವುದಿಲ್ಲ. "ನಂಗೆ ಇಂಗ್ಲಿಷ್ ಬರಲ್ವಲ್ಲಮ್ಮ. ಇಲ್ವಾ?" ಎಂದೆ.

"ಇಲ್ಲ. ಇರ್ಲಿ ಬಿಡಿ. ಊಟ ಆಯ್ತಾ ನಿಮ್ದು?"

ತನ್ನ ಡಬ್ಬಿ ತೆಗೆದು ಅರ್ಧ ಚಿತ್ರಾನ್ನ ನನಗೆ ಹಾಕಿದಳು. ಇಬ್ಬರೂ ಉಂಡೆವು. ಹಾಳೆಗಳನ್ನು ಅವಳು ಇಟ್ಟುಕೊಳ್ಳಲಿಲ್ಲ. ಬಸ್ಸು ಹತ್ತಿಸುವಾಗ ನನ್ನ ಚೀಲಕ್ಕೇ ಹಾಕಿದಳು.

ಮಾರನೆಯ ದಿನ ನವೀನನ ಹತ್ತಿರ ಹೋದೆ. ಎಲ್ಲಾ ಹೇಳಿದೆ. ಅವನು ಕೆಟ್ಟ ಹುಡುಗ ಅಲ್ಲ. ತಲೆ ಕೆರೆದುಕೊಂಡ. "ಅಚ್ಚಾಗ್ಬಿಟ್ಟಿದೆ ಅಜ್ಜಿ. ಫೈಲಲ್ಲಿ ಯಾರ ಹೆಸ್ರೂ ಇರ್ಲಿಲ್ಲ. ಸಾರ್ ಕೇಳ್ನೋಡ್ತೀನಿ" ಎಂದ. ಹೊಸ ಹೆಡ್ ಸಾರ್, ಅದು ಲ್ಯಾಬಿನ ಕಂಪ್ಯೂಟರಿನಲ್ಲಿದ್ದದ್ದು, ಲ್ಯಾಬಿನ ಆಸ್ತಿ ಎಂದರಂತೆ. ನಾನು ಮತ್ತೆ ಎರಡು ಸಲ ಹೋದೆ. ಮೂರನೇ ಸಲ ಗೇಟಿನಲ್ಲೇ, ಏನು ಕೆಲಸ ಅಜ್ಜಿ ಎಂದು ಕೇಳಿ ನಿಲ್ಲಿಸಿದರು.

ಹೊಸದಾಗಿ ಸೇರಿರುವವರಿಗೆ ನಾನು ಹೇಳುವುದು ಇಷ್ಟು. ಲ್ಯಾಬಿನಲ್ಲಿ ಕೊಳೆ ಎಂದು ಕಂಡದ್ದೆಲ್ಲ ಕೊಳೆಯಾಗಿರುವುದಿಲ್ಲ, ಕೇಳದೆ ಕೈ ಹಾಕಬೇಡಿ. ಕೈ ಹಾಕಿದ್ದರೆ ಅವತ್ತೇ ಹೋಗಿ ಹೇಳಿ. ಕಕ್ಕಸಿಗೆ ಹಾಕಿದರೆ ಹಾಕಲಿ, ತೊಳೆದು ಮನೆಗೆ ಹೋಗಬಹುದು.

ಇನ್ನು ಆ ಗೆರೆಯ ವಿಷಯ. ಪತ್ರಿಕೆಯವರು ಹಾಕದಿದ್ದರೆ ನನಗೆ ಬರುವ ಅಕ್ಷರದಲ್ಲಿ ನಾನು ಹಾಕುತ್ತೇನೆ. ತುಮಕೂರಿನ ಆ ಲ್ಯಾಬಿನ ಕಂಪ್ಯೂಟರಿನಲ್ಲಿ ಎರಡು ಬಿಲ್ಲೆಗಳ ನಡುವಿನ ಗಾಳಿಗೆ ಚುಕ್ಕಿ ಇಟ್ಟು ಲೆಕ್ಕ ಹಾಕಿದವಳು ಕುಣಿಗಲ್ಲಿನ ಸುಜಾತ. ಅವಳ ಮೊದಲನೇ ಅಂಕಿಯೇ ಸರಿ. ಅವಳ ಜೊತೆ ಕೂತು ಗಂಟೆಗೊಂದು ಸಲ ಬುಕ್ಕಿನಲ್ಲಿ ಬರೆದುಕೊಂಡವಳು ನಾನು, ನನಗೆ ಗೊತ್ತು.